ಕರ್ನೆಲ್‌ಗೆ ಎರಡು ಸಲ ವಾಪಸು ಕೊಟ್ಟದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಥಣಿಯ ಆ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಎರಡು ಕಿಟಕಿಗಳಿದ್ದವು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಒಂದು ಹಳೆಯ ಫೋಟೋ ಸಿಕ್ಕಿತು, ನೋಡಿದರೆ ಒಂದೇ ಕಿಟಕಿ. ಇಲ್ಲದ ಆ ಎರಡನೆಯ ಕಿಟಕಿಯಿಂದ ನಾನು ಎಷ್ಟೋ ಸಂಜೆ ಹೊರಗೆ ನೋಡುತ್ತ ನಿಂತದ್ದು ಮಾತ್ರ ಚೆನ್ನಾಗಿ ನೆನಪಿದೆ. ದಿನಚರಿ ಬರೆಯುತ್ತೀರಲ್ಲ, ಅದನ್ನು ನೋಡಬಾರದೇ ಎಂದು ನೀವು ಕೇಳಬಹುದು. ನೋಡಿದೆ. ‘ಸೋಮವಾರ: ಮತ್ತೆ ಎಚ್ಚರಿಕೆ. ಮಂಗಳವಾರ: ಮತ್ತೆ ಎಚ್ಚರಿಕೆ. ಬುಧವಾರ: ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾಯಿತು’ ಎಂದಿದೆ. ಬುಧವಾರ ಎಚ್ಚರಿಕೆ ಬರಲಿಲ್ಲವೋ, ಅಥವಾ ಅಂದು ಎಚ್ಚರಿಕೆಗಿಂತ ಚಟ್ನಿಯೇ ದೊಡ್ಡ ಸಂಗತಿಯಾಗಿತ್ತೋ, ಬರೆದವಳಿಗೇ ತಿಳಿಯದು.

ತೊಂಬತ್ತರ ದಶಕದ ಕೊನೆಯ ಭಾಗ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಅಥಣಿಯ ಒಂದು ಕಾಲೇಜಿಗೆ ಕಂಪ್ಯೂಟರ್ ಕಲಿಸಲು ಬಂದಿದ್ದೆ. ಇದ್ದದ್ದು ಸೋದರತ್ತೆಯ ಮನೆಯಲ್ಲಿ. ಕಾಲೇಜಿನಲ್ಲಿದ್ದದ್ದು ಒಂದೇ ಕಂಪ್ಯೂಟರ್, ಹುಡುಗರು ಮೂವತ್ತು ಮಂದಿ. ಯಾರೋ ದಾನ ಕೊಟ್ಟ ನಾಲ್ಕು ಹಳೆಯ ಟರ್ಮಿನಲ್‌ಗಳು, ಎಂದರೆ ಬರಿಯ ತೆರೆ ಮತ್ತು ಕೀಲಿಮಣೆ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಆ ಒಂದು ಯಂತ್ರಕ್ಕೆ ಜೋಡಿಸಿದರೆ ಒಟ್ಟಿಗೆ ನಾಲ್ಕು ಹುಡುಗರು ಕೆಲಸ ಮಾಡಬಹುದು ಎಂದು ನಾನು ಹುಮ್ಮಸ್ಸಿನಲ್ಲಿ ಹೇಳಿದೆ. ಹೇಳಿದವಳೇ ಮಾಡಬೇಕಾಯಿತು. ಪುಣೆಯಲ್ಲಿದ್ದ ಗೆಳತಿ ಒಂದು ಆಪರೇಟಿಂಗ್ ಸಿಸ್ಟಮ್ ಅನ್ನು ಮೂಲ ಬರಹದ, ಎಂದರೆ ಸೋರ್ಸ್ ಕೋಡ್‌ನ, ಸಮೇತ ಫ್ಲಾಪಿಗಳ ಕಟ್ಟಿನಲ್ಲಿ ಕಳಿಸಿದಳು. ಅದರ ಹೊಟ್ಟೆಯೊಳಗೆ, ಎಂದರೆ ಕರ್ನೆಲ್‌ನೊಳಗೆ, ಟರ್ಮಿನಲ್‌ಗಳಿಗಾಗಿ ನನ್ನದೇ ಒಂದು ಪ್ರೋಗ್ರಾಮ್ ಬರೆದು ಸೇರಿಸಿದೆ. ಅದು ಮೇ ತಿಂಗಳು. ಜೂನ್‌ನಿಂದ ದಸರೆಯವರೆಗೆ ಎಲ್ಲವೂ ನೆಟ್ಟಗೆ ನಡೆಯಿತು, ನಾನೂ ಸ್ವಲ್ಪ ನೆಟ್ಟಗೆ ನಡೆಯತೊಡಗಿದೆ.

ದೀಪಾವಳಿ ಹತ್ತಿರ ಬಂದಾಗ ಸಂಜೆ ಯಂತ್ರ ಮುಚ್ಚುವಾಗ ತೆರೆಯ ಮೇಲೆ ಒಂದು ಎಚ್ಚರಿಕೆ ಬರತೊಡಗಿತು. ಅದರ ತಾತ್ಪರ್ಯ: ‘ಈಗಾಗಲೇ ಮರಳಿಸಿದ ಮೆಮೊರಿಯನ್ನು ಮತ್ತೆ ಮರಳಿಸಲಾಗುತ್ತಿದೆ.’ ಜೊತೆಗೆ ಅಂಕಿ-ಅಕ್ಷರ ಬೆರೆತ ಒಂದು ಉದ್ದನೆಯ ಸಾಲು. ಇದೇ ಸಮಯಕ್ಕೆ ಕಾಲೇಜು ಕಮಿಟಿಯ ಅಧ್ಯಕ್ಷರು ಬಂದು, ತೆರೆಯನ್ನು ನೋಡಿ, ಹೇಳಿದರು: “ಮೇಡಮ್ಮಾರ, ದಿವಾಳಿ ಆದ ಮ್ಯಾಲ ಕಮಿಟಿ ಬಂದು ನೋಡತೈತ್ರಿ. ಮಷೀನ ಸುದ್ದ ನಡದಿದ್ರ ಖೋಲಿ ನಿಮ್ದು. ಇಲ್ಲಂದ್ರ ಟೈಪಿಂಗ್ ಕ್ಲಾಸಿನವ್ರಿಗೆ ಕೊಡ್ತೀವಿ, ಅವ್ರೂ ಭಾಳ ದಿನದಿಂದ ಕೇಳಾಕತ್ತಾರ.” ಕೋಣೆ ಹೋದರೆ ಕಂಪ್ಯೂಟರ್ ತರಗತಿ ಹೋಯಿತು, ತರಗತಿ ಹೋದರೆ ನಾನೂ ಹೋದೆ. ಅವರು ದ್ರಾಕ್ಷಿ ತೋಟದವರು. ಒಣಗಿದ ಕಡ್ಡಿಯನ್ನು ಎಲ್ಲಿ ಕತ್ತರಿಸಬೇಕೆಂದು ಅವರಿಗೆ ಗೊತ್ತಿತ್ತು.

ಮನೆಯಲ್ಲಿ ನನ್ನ ಮುಖ ನೋಡಿ ಅತ್ತೆ ಕೇಳಿದಳು. ಹೇಗೆ ವಿವರಿಸಲಿ? “ಮದುವಿಗೆ ಬಸದಿಯಿಂದ ಪಾತ್ರೆ ತರತೇವಲ್ಲ, ಹಂಗ ನೋಡತ್ತಿ,” ಎಂದೆ. “ಕರ್ನೆಲ್ ಅಂದ್ರ ಉಗ್ರಾಣದಾವ. ಬೇಕಂದಾವ್ರಿಗೆ ಪಾತ್ರೆ ಕೊಡ್ತಾನ, ಕೆಲಸ ಮುಗಿದ ಮ್ಯಾಲ ವಾಪಸ್ ತಗೊಳ್ತಾನ. ಈಗ ಯಾರೋ ಒಮ್ಮೆ ವಾಪಸ್ ಕೊಟ್ಟ ಪಾತ್ರೀನ ಮತ್ತ ಕೊಡಾಕತ್ತಾರ.”

“ಮತ್ತ ಕೊಟ್ರ ತಗೋಬೇಕಪಾ. ಅದರಾಗ ಅಂವಗ ಸಿಟ್ಯಾಕ?”

“ಅಷ್ಟೊತ್ತಿಗೆ ಆ ಪಾತ್ರಿ ಇನ್ನೊಂದ ಮದುವಿ ಮನ್ಯಾಗ ಇರತೈತಿ. ಅವ್ರ ಪಾಯಸಾ ಅದರಾಗ ಇದ್ದಂಗಽ ಕಸಗೊಂಡ ಬಂದಂಗ ಆಗತೈತಲ್ಲ.”

ಅತ್ತೆ, “ಅವ್ರ ಪಾಯಸಾ ಏನ ಆತ ಮತ್ತ?” ಎಂದಳು. ನನ್ನ ಎಂ.ಎಸ್ಸಿ.ಯ ಎರಡು ವರ್ಷಗಳಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ತಪ್ಪು ಎಲ್ಲಿದೆ ಎಂಬುದಕ್ಕೆ ಊರಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಭೌತಶಾಸ್ತ್ರದ ಮಾಸ್ತರರು ಯಂತ್ರ ಬಿಚ್ಚಿ, ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದರು. ಎಚ್ಚರಿಕೆ ಇನ್ನಷ್ಟು ಸ್ವಚ್ಛವಾಗಿ ಬಂತು. ಆಮೇಲೆ ಗೆಳತಿಯನ್ನು ಕೇಳೋಣವೆಂದು ಎಸ್.ಟಿ.ಡಿ. ಬೂತಿಗೆ ಹೋದೆ. ಅವಳು, ಆ ಉದ್ದನೆಯ ಸಾಲನ್ನು ಒಂದೊಂದಾಗಿ ಓದು ಎಂದಳು. ನಾನು ಗಾಜಿನ ಪೆಟ್ಟಿಗೆಯೊಳಗೆ ನಿಂತು, ಲೈನು ಸರಿಯಿಲ್ಲದ್ದರಿಂದ ಗಟ್ಟಿಯಾಗಿ, “ಸೊನ್ನೆ, ಸೊನ್ನೆ, ಒಂದು, ಎಫ್, ನಾಲ್ಕು, ನಾಲ್ಕು, ಸಿ” ಎಂದು ಓದಿದೆ. ಹೊರಗೆ ಬಂದಾಗ ಸರದಿಯಲ್ಲಿದ್ದ ಮಂದಿ ಮಾತು ನಿಲ್ಲಿಸಿದ್ದರು. ಬೂತಿನವನು ತಗ್ಗಿದ ದನಿಯಲ್ಲಿ, “ಬಾಯಾರ, ಓಪನ್ ನಾಲ್ಕ ಹಿಡೀಲೇನ್ರಿ?” ಎಂದ. ಅದು ಮಟಕಾ ನಂಬರ್ ಅಲ್ಲ, ಕಾಲೇಜಿನ ಕೆಲಸ ಎಂದು ನಾನು ಎಷ್ಟು ಹೇಳಿದರೂ ಅವನು, “ಹೌದ್ರಿ, ಹೌದ್ರಿ, ಎಲ್ಲಾರದೂ ಕಾಲೇಜಿಂದಽ” ಎಂದು ತಲೆ ಆಡಿಸಿದ. ಗೆಳತಿ ಕೊಟ್ಟ ಉತ್ತರವನ್ನು ದಿನಚರಿಯಲ್ಲಿ ಬರೆದಿಲ್ಲ. ‘ನೀನು ಬರೆದದ್ದನ್ನು ನೀನೇ ಓದು’ ಎಂದಿರಬೇಕು. ಬರೆಯದೆ ಬಿಟ್ಟಿದ್ದರಿಂದಲೇ ಹಾಗನ್ನಿಸುತ್ತದೆ.

ಓದಿದೆ ಕೂಡ. ಅಡಿಯಿಂದ ಮೇಲಕ್ಕೆ, ಮೇಲಿನಿಂದ ಅಡಿಗೆ. ಆದರೆ ನಾನು ಬರೆದದ್ದನ್ನು ಓದುವಾಗ ನಾನು ಓದುವುದು ಬರೆದದ್ದನ್ನಲ್ಲ, ಬರೆದಿದ್ದೇನೆ ಎಂದುಕೊಂಡದ್ದನ್ನು. ನಿವೃತ್ತಿಗೆ ಹತ್ತಿರವಾಗಿದ್ದ ಜವಾನ ಮಾರುತಿಯವರು ದಿನವೂ ಬೀಗ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಒಂದು ಸಂಜೆ ಅವರೇ ಹೇಳಿದರು, “ಬಾಯಾರ, ನಾ ಶಾಣ್ಯಾ ಅಲ್ಲ ಬಿಡ್ರಿ. ಖರೇ, ಮಳಿಗಾಲದಾಗ ಇದು ಬರ್ತಿರಲಿಲ್ಲ. ಹೊತ್ತ ಲಗೂನ ಮುಳಗಾಕ ಹತ್ತಿದ ಮ್ಯಾಲ ಚಾಲೂ ಆಗೈತಿ.” ನಾನು ಮುಗುಳ್ನಕ್ಕೆ. ಕಲಿತವರ ಮುಗುಳ್ನಗು ಎಂಥದೆಂದು ನಿಮಗೆ ಗೊತ್ತಿರುತ್ತದೆ. ಯಂತ್ರಕ್ಕೆ ಸೂರ್ಯ ಕಾಣುತ್ತದೆಯೇ, ಅದೂ ಒಂದೇ ಕಿಟಕಿಯ ಕೋಣೆಯಲ್ಲಿ?

ಕಮಿಟಿ ಬರುವ ದಿನದ ಬೆಳಿಗ್ಗೆ ಪಕ್ಕದ ಮನೆಯ ಸುಶೀಲವ್ವ ಕೈಯಲ್ಲಿ ಒಂದು ಜರಡಿ ಹಿಡಿದು ನಗುತ್ತ ಬಂದರು. “ಏನ್ರಿ ನೀವು, ಒಂದ ಜರಡಿ ಒಯ್ದು ಎರಡ ಕೊಟ್ಟೀರಿ? ಹಿಂಗ ನಡಸ್ರಿ, ನಾಳಿಗೆ ಕೊಡಪಾನ ಒಯ್ರಿ.” ಆದದ್ದು ಇಷ್ಟು. ನಮ್ಮ ಅತ್ತೆಯ ಮನೆಯ ಪದ್ಧತಿ, ಎರವಲು ಇಸಿದುಕೊಂಡು ತಂದ ವಸ್ತು ದೀಪ ಹಚ್ಚುವ ಮುಂಚೆ ಅವರ ಮನೆ ಸೇರಬೇಕು. ದೀಪ ಹಚ್ಚಿದ ಮೇಲೆ ಕೊಡುವುದೂ ಇಲ್ಲ, ತಗೊಳ್ಳುವುದೂ ಇಲ್ಲ. ಅತ್ತೆ ಹಿಂದಿನ ದಿನ ಮಧ್ಯಾಹ್ನವೇ ಅವರ ಜರಡಿಯನ್ನು ಕೊಟ್ಟಿದ್ದಳು. ಸಂಜೆ ನಾನು ಬಂದವಳು, ಗೂಟಕ್ಕೆ ತೂಗುತ್ತಿದ್ದ ಜರಡಿ ನೋಡಿ, ಅಯ್ಯೋ ಹೊತ್ತಾಯಿತು ಎಂದು ಓಡಿಹೋಗಿ ಕೊಟ್ಟು ಬಂದಿದ್ದೆ. ಅದು ನಮ್ಮದೇ ಜರಡಿ. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ಪದ್ಧತಿ ಗೊತ್ತು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ ಅಷ್ಟೇ. ನಾನೂ ನಕ್ಕೆ. ನಗುತ್ತಲೇ ಸ್ನಾನಕ್ಕೆ ಹೋದೆ, ತಲೆಯ ಮೇಲೆ ಎರಡನೆಯ ತಂಬಿಗೆ ನೀರು ಸುರಿದುಕೊಳ್ಳುವಾಗ ನಗು ನಿಂತಿತು.

ಕಾಲೇಜಿಗೆ ಓಡಿ ಹೋಗಿ, ಮುದ್ರಿಸಿಟ್ಟ ಕಾಗದ ಬಿಡಿಸಿದೆ. ಹನ್ನೊಂದನೆಯ ಹಾಳೆಯಲ್ಲಿ, ನಾನು ಪ್ರತಿ ಸಲ ದಾಟಿಹೋಗುತ್ತಿದ್ದ ಜಾಗದಲ್ಲಿ, ಅದು ಕೂತಿತ್ತು. ತಿಂಗಳಿಗೊಂದರಂತೆ ಹನ್ನೆರಡು ಸೂರ್ಯಾಸ್ತದ ಸಮಯಗಳು, ಪಂಚಾಂಗದಿಂದ ತೆಗೆದವು. ಅದರ ಕೆಳಗೆ ಒಂದು ಸಾಲು: ಹೊತ್ತು ಮುಳುಗುವುದಕ್ಕೆ ಅರ್ಧ ಗಂಟೆ ಮುಂಚೆ, ತಂದ ಮೆಮೊರಿಯನ್ನೆಲ್ಲ ಕರ್ನೆಲ್‌ಗೆ ಮರಳಿಸು. ಮಳೆಗಾಲದಲ್ಲಿ ಹೊತ್ತು ತಡವಾಗಿ ಮುಳುಗುತ್ತದೆ. ನಾನು ಐದೂ ಮುಕ್ಕಾಲಿಗೆ ಯಂತ್ರ ಮುಚ್ಚುವಾಗ ಮೆಮೊರಿ ಹೇಗೂ ಮರಳುತ್ತಿತ್ತು, ಆ ಸಾಲಿಗೆ ಕೆಲಸವೇ ಬರುತ್ತಿರಲಿಲ್ಲ. ಚಳಿಗಾಲ ಬಂದಾಗ ಐದೂವರೆಗೇ ಅದು ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು. ಐದೂ ಮುಕ್ಕಾಲಿಗೆ ನಾನು ಮತ್ತೆ ಕೊಡುತ್ತಿದ್ದೆ. ಮಾರುತಿಯವರು ಹೇಳಿದ್ದು ಅಕ್ಷರಶಃ ಸರಿ. ಇಡೀ ಜಗತ್ತಿನ ಕರ್ನೆಲ್‌ಗಳಲ್ಲಿ ದೀಪ ಹಚ್ಚುವ ಮುಂಚೆ ಸಾಮಾನು ಮುಟ್ಟಿಸುವಂಥದು ಇದೊಂದೇ ಇದ್ದಿರಬೇಕು.

ಸರಿಪಡಿಸಲು ಒಂದು ಸಾಲು ಸಾಕಿತ್ತು. ಆದರೆ ಬದಲಾಯಿಸಿದ ಕರ್ನೆಲ್ ಅನ್ನು ಮತ್ತೆ ಕಟ್ಟಲು ಆ ಯಂತ್ರಕ್ಕೆ ಮೂರು ತಾಸು ಬೇಕು, ಬೆಳಿಗ್ಗೆ ಹೋಗಿದ್ದ ಕರೆಂಟು ಬಂದದ್ದು ನಾಲ್ಕಕ್ಕೆ. ನಾಲ್ಕಕ್ಕೆ ಬರಬೇಕಾದ ಕಮಿಟಿ ಐದೂವರೆಗೆ ಬಂತು. ಹುಡುಗರು ನಾಲ್ಕು ಟರ್ಮಿನಲ್‌ಗಳಲ್ಲಿ ಮಾಡಿಟ್ಟದ್ದನ್ನು ಕಾಗದದ ಮೇಲೆ ತೋರಿಸಿದೆ. ಆಮೇಲೆ, ಬಚ್ಚಿಟ್ಟು ಪ್ರಯೋಜನವಿಲ್ಲವೆಂದು, “ಸರ್, ಐದೂ ಮುಕ್ಕಾಲಿಗೆ ಮುಚ್ಚುವಾಗ ಒಂದು ಎಚ್ಚರಿಕೆ ಬರುತ್ತದೆ, ತಪ್ಪು ನನ್ನದು” ಎಂದು ಎಲ್ಲವನ್ನೂ ಹೇಳಿದೆ. ಅಧ್ಯಕ್ಷರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತರು. ಕಮಿಟಿಯ ಐವರೂ ಕೂತರು. ಐದೂ ಮುಕ್ಕಾಲಿಗೆ ಮುಚ್ಚಿದೆ. ಎಚ್ಚರಿಕೆ ಬಂತು.

“ಹೇಳಿದ ವೇಳೇಕ ಬಂತಲ್ಲೋ,” ಎಂದರು ಅಧ್ಯಕ್ಷರು. “ನಮ್ಮ ಕಾಗವಾಡ ಬಸ್ಸೂ ಹಿಂಗ ಬರೂದಿಲ್ಲ.” ಆಮೇಲೆ ಕಮಿಟಿಯವರ ಕಡೆ ತಿರುಗಿ, “ತಪ್ಪಂದ್ರ ಇಂಥಾ ತಪ್ಪ ಇರಬೇಕ ನೋಡ್ರಿ. ಮಂದಿ ಇಸಗೊಂಡದ್ದ ಒಮ್ಮೆ ಸೈತ ಕೊಡೂದಿಲ್ಲ, ಇದು ಎರಡ ಸಲ ಕೊಡಾಕತ್ತೈತಿ. ಅದೂ ದೀಪಾ ಹಚ್ಚೂದರೊಳಗ. ಖೋಲಿ ಇವ್ರಿಗೇ ಇರ್ಲಿ. ಮೇಡಮ್ಮಾರ, ಒಂದ ಸಲ ಕೊಡೂದ ತಗೀರಿ, ಆದ್ರ ಹೊತ್ತ ಮುಳಗೂ ಮುಂಚಿಂದ ತಗೀಬ್ಯಾಡ್ರಿ” ಎಂದರು. ಬಾಗಿಲ ಬಳಿ ನಿಂತು ಮತ್ತೆ ಕೇಳಿದರು, “ಅಲ್ಲಾ, ಇದನ್ನ ಅದರಾಗ ಹಾಕೂ ಬುದ್ಧಿ ಯಾರದ್ರಿ?”

“ನಂದಽ ರೀ ಸರ್” ಎಂದೆ. ಒಂದು ಕ್ಷಣವೂ ತಡಮಾಡದೆ ಹೇಳಿದೆ.

ಮನೆಗೆ ನಡೆಯುವಾಗ ಅನುಮಾನ ಹತ್ತಿತು. ಹನ್ನೆರಡು ಸಮಯಗಳನ್ನು ಪಂಚಾಂಗದಿಂದ ನಾನು ಯಾವಾಗ ತೆಗೆದೆ? ಮನೆಯ ಪಂಚಾಂಗ ಓದುವವಳು ನಾನಲ್ಲ. ದಿನಚರಿಯಲ್ಲಿ ಮೇ ತಿಂಗಳ ಪುಟ ತೆರೆದೆ. ‘ಅತ್ತೆ ಹೇಳಿದ ಹಾಗೆ ಮಾಡಿದೆ. ಸರಿಹೋಯಿತು’ ಎಂದಷ್ಟೇ ಇತ್ತು. ಆ ವಾರ ನಾನು ಪ್ರೋಗ್ರಾಮನ್ನೂ ಬರೆದಿದ್ದೆ, ಮಾವಿನಕಾಯಿಯ ಉಪ್ಪಿನಕಾಯಿಯನ್ನೂ ಹಾಕಿದ್ದೆ. ಯಾವುದು ಸರಿಹೋಯಿತೆಂದು ಬರೆದಿಲ್ಲ. ಅತ್ತೆ ಹೇಳಿದ್ದಾದರೆ ಕಮಿಟಿಯ ಮುಂದೆ ನಾನು ಆಡಿದ್ದು ಸುಳ್ಳು. ನನ್ನದೇ ಆದರೆ, ಮೂರು ವಾರ ಊರೆಲ್ಲ ಹುಡುಕಿದ ತಪ್ಪನ್ನು ಮಾಡಿದವಳೂ ಮರೆತವಳೂ ನಾನೊಬ್ಬಳೇ. ಅತ್ತೆ ಹಿತ್ತಿಲ ಕಟ್ಟೆಯ ಮೇಲೆ ಹುಣಸೆ ಬೀಜ ಬಿಡಿಸುತ್ತ ಕೂತಿದ್ದಳು. ಖೋಲಿ ಉಳಿಯಿತು ಎಂದೆ. “ಚಲೋ ಆತ ಬಿಡವ್ವಾ” ಎಂದಳು. ಆಗ ಕೇಳಿದ್ದನ್ನೇ ಅವಳಿಗೆ ಈಗಲೂ ವರ್ಷಕ್ಕೊಮ್ಮೆಯಾದರೂ ಕೇಳುತ್ತೇನೆ. ಅವಳು ನನ್ನ ಮುಖ ನೋಡಿ ನಗುತ್ತಾಳೆ, ಕೈಯ ಕೆಲಸ ಬಿಡುವುದಿಲ್ಲ.

“ಅತ್ತಿ, ಆ ಸಾಲು ಹಾಕಂತ ನೀ ಹೇಳಿದ್ದಿಯೋ, ನಾನಽ ಬರದಿದ್ನೋ?”