ಬಿಲ್ಡಪ್ಪಿಗೆ ಅರ್ಥ

ಚೀಟಿರಾಯರಿಗೆ ಆ ವಾರ ವಕ್ರಿಸಿದ ಗ್ರಹಚಾರದ ಹೆಸರು ‘ಬಿಲ್ಡಪ್’. ನಿಘಂಟು ಕಚೇರಿಯಲ್ಲಿ ಪದಕ್ಕೊಂದು ಚೀಟಿಯಂತೆ ಅರ್ಥ ಬರೆಯುವುದು ಅವರ ಉದ್ಯೋಗ (ಹೆಸರು ಅಂಟಿಕೊಂಡದ್ದೂ ಅಲ್ಲಿಂದಲೇ). ಈ ಚೀಟಿ ಮಾತ್ರ ಎರಡು ಸಲ ವಾಪಸು ಬಂದಿತ್ತು. ಮೂರನೆಯ ಸಲವೂ ಕೆಟ್ಟರೆ, ಇಪ್ಪತ್ತು ವರ್ಷದಿಂದ ಆಳುತ್ತಿದ್ದ ‘ಬ’ ಅಕ್ಷರದಿಂದ ಎತ್ತಂಗಡಿ ಮಾಡಿ, ನೆಟ್ಟಗೆ ನಾಲ್ಕು ಪದಗಳಿಲ್ಲದ ‘ಞ’ಕ್ಕೆ ಹಾಕುವುದಾಗಿ ಪ್ರಧಾನ ಸಂಪಾದಕರು ಹೇಳಿದ್ದರು.

ರಾಯರು ಬರೆದದ್ದು: ‘ಅಲ್ಪವಸ್ತುವನ್ನು ಜನಗಮನಾಕರ್ಷಣಾರ್ಥವಾಗಿ ಅತಿಶಯಗೊಳಿಸುವ ನಿರೂಪಣಾ ವೈಖರಿ.’ ಸಂಪಾದಕರ ಕೆಂಪು ಶಾಯಿ ಕೇಳಿತ್ತು: ‘ಈ ಅರ್ಥಕ್ಕೆ ಅರ್ಥವೇನು? ಪ್ರಯೋಗಕ್ಕೊಂದು ವಾಕ್ಯ ಎಲ್ಲಿ?’

ರಾಯರು ಚೀಟಿಯನ್ನು ಮನೆಗೇ ತಂದು ಕೂತಿದ್ದರು. ಹೊರಕೋಣೆಯಲ್ಲಿ ಹೆಂಡತಿ, ತಾನು ಹೊಲಿದ ದಿಂಬಿನ ಕವರನ್ನು ಗಿರಾಕಿಗೆ ತೋರಿಸುತ್ತಿದ್ದಳು. ಬಟ್ಟೆ ಸಾಲದೆ ಎರಡು ಬಣ್ಣದ ತುಂಡು ಕೂಡಿಸಿದ್ದನ್ನು ರಾಯರು ಕಣ್ಣಾರೆ ಕಂಡಿದ್ದರು.

“ಇದನ್ನ ಎಲ್ರಿಗೂ ತೋರ್ಸಲ್ಲ. ಈ ಬಣ್ಣ ಹಗಲು ನಿದ್ದೆಗೆ, ಆ ಬಣ್ಣ ರಾತ್ರಿಗೆ. ಒಂದು ವಾರ ಮಲಗಿ ನೋಡಿ, ತಲೆಗೇ ಗೊತ್ತಾಗುತ್ತೆ.”

ಗಿರಾಕಿ ನಾಲ್ಕು ಕೊಂಡರು. ಬಾಗಿಲ ಸಂದಿಯಲ್ಲಿದ್ದ ರಾಯರಿಗೆ ಹೊಟ್ಟೆಕಿಚ್ಚು ಬರಬೇಕಿತ್ತು, ಬಂದದ್ದು ಹೆಮ್ಮೆ. ತಮಗೆ ಒಲಿಯದ ವಿದ್ಯೆ ಇವಳ ನಾಲಿಗೆ ತುದಿಯಲ್ಲಿದೆಯಲ್ಲ ಎಂದು ಮನಸ್ಸು ತುಂಬಿ ಬಂತು. ಹಳೆಯ ಚೀಟಿ ಹರಿದು ಒಂದೇ ಸಾಲು ಬರೆದರು: ‘ಇಷ್ಟನ್ನು ಅಷ್ಟು ಮಾಡಿ ಹೇಳುವುದು.’ ಪ್ರಯೋಗ ಮಾತ್ರ ಹೊಳೆಯಲಿಲ್ಲ.

ಅಷ್ಟರಲ್ಲಿ ಸಂಪಾದಕರ ಫೋನು. ಸ್ನಾನಕ್ಕೆ ಹೋಗಿದ್ದೇನೆ ಅನ್ನು ಎಂದು ರಾಯರು ಸನ್ನೆ ಮಾಡಿದರು. ಹೆಂಡತಿಗೆ ಅಷ್ಟು ಸಣ್ಣ ಸುಳ್ಳು ರುಚಿಸಲಿಲ್ಲ.

“ಅವ್ರಾ ಸಾರ್? ನಾಲ್ಕು ದಿನದಿಂದ ಊಟ ನಿದ್ದೆ ಬಿಟ್ಟಿದಾರೆ. ಏನು ಕೇಳಿದ್ರೂ ‘ಬ’ ಅಂತಾರೆ, ಅಷ್ಟೇ. ಮನೇಲಿ ಕಾಲಿಡೋಕೆ ಜಾಗ ಇಲ್ಲ, ಬರೀ ಪುಸ್ತಕ. ಈಗ ತಾನೇ ಬರೆದು ಮುಗಿಸಿದ್ರು ಸಾರ್. ಓದಿ ನಂಗೆ ಕಣ್ಣಲ್ಲಿ ನೀರು ಬಂತು.”

ಹೀಗೇ ಅರ್ಧ ಗಂಟೆ ನಡೆಯಿತು. ರಾಯರು (ಆಗಷ್ಟೇ ಎರಡನೆಯ ಸಲ ಬಡಿಸಿಕೊಂಡು ಉಂಡವರು) ತಲೆ ಮೇಲೆ ಕೈ ಹೊತ್ತು ಕೂತರು.

“ಬರೆದಿರೋದು ಒಂದೇ ಸಾಲು ಕಣೇ.”

“ಗೊತ್ತು. ಅದಕ್ಕೇ ಇಷ್ಟು ಹೊತ್ತು ಮಾತಾಡಬೇಕಾಯ್ತು.”

ಮರುದಿನ ಸಂಪಾದಕರು ಚೀಟಿ ಓದಿದರು. ಹಿಂದೆ ತಿರುಗಿಸಿದರು, ಅಲ್ಲೂ ಏನಿಲ್ಲ. ರಾಯರಿಗೆ ‘ಞ’ ಕಣ್ಣ ಮುಂದೆ ಬಂದು ನಿಂತಿತು. ಸಂಪಾದಕರು ಮಾತ್ರ ಕನ್ನಡಕ ತೆಗೆದು ನಕ್ಕರು, ಖಾಲಿ ಜಾಗದಲ್ಲಿ ತಾವೇ ಏನನ್ನೋ ಗೀಚಿ ಸಹಿ ಹಾಕಿದರು. ‘ಬ’ ಉಳಿಯಿತು.

ನಿಘಂಟು ಅಚ್ಚಾಗಿ ಬಂತು. ಆ ಪುಟಕ್ಕೆ ಗುರುತಿಟ್ಟು, ಬಂದ ಗಿರಾಕಿಗಳಿಗೆಲ್ಲ ಹೆಂಡತಿ ಓದಿ ಹೇಳುತ್ತಾಳೆ:

‘ಬಿಲ್ಡಪ್: ಇಷ್ಟನ್ನು ಅಷ್ಟು ಮಾಡಿ ಹೇಳುವುದು. ಪ್ರಯೋಗ: ಗಂಡ ಬರೆದದ್ದು ಒಂದು ಸಾಲು, ಹೆಂಡತಿ ಕೊಟ್ಟ ಬಿಲ್ಡಪ್ ಅರ್ಧ ಗಂಟೆ.’