ಮೂರು ಗಾಲಿಗೆ ಎಷ್ಟು ಗಾಳಿ?

ತನ್ನ ಗಾಡಿಗೆ ಎಷ್ಟು ಗಾಳಿ ಬೇಕೆಂಬುದನ್ನು ತಾನೇ ಕಂಡುಹಿಡಿಯುವುದಾಗಿ ಅಪ್ಪಾಸಾಬ, ದುಡಿಯಲು ಊರು ಬಿಟ್ಟು ಬಂದವರೇ ತುಂಬಿದ್ದ ಸಾಂಕೋಲೆಯ ತಗಡಿನ ಮನೆಗಳ ಓಣಿಗೆಲ್ಲ ಕೇಳುವಂತೆ ಸಾರಿದ. ಎರಡು ಗಾಲಿಯ ಮೋಟರ್‌ಸೈಕಲ್ಲಿಗೆ ಲೆಕ್ಕವಿದೆ, ನಾಲ್ಕು ಗಾಲಿಯ ಕಾರಿಗೆ ಲೆಕ್ಕವಿದೆ. ಹಿಂದಿನ ಒಂದು ಗಾಲಿ ಕಿತ್ತು ಅಲ್ಲಿ ಎರಡು ಕೂಡಿಸಿದ ಈ ಮೂರು ಗಾಲಿಯ ಮೋಟರ್‌ಸೈಕಲ್ಲಿಗೆ ಮಾತ್ರ ಯಾರ ಬಳಿಯೂ ಲೆಕ್ಕವಿಲ್ಲ. ಅದನ್ನು ಲೋಕಕ್ಕೆ ಕೊಡುವ ಮಹಾಪುರುಷ ತಾನೇ ಯಾಕಾಗಬಾರದು!

ಗಾಡಿ ಬಂದದ್ದು ಚುನಾವಣೆಗೆ ನಿಂತ ನಾಯಕರ ಕೃಪೆಯಿಂದ. ಕಟ್ಟಡದ ಸಾರುವೆಯಿಂದ ಬಿದ್ದು ಅಪ್ಪಾಸಾಬನ ಬಲಗಾಲು ಕೆಲಸಕ್ಕೆ ಬಾರದಂತಾಗಿತ್ತು. ಅವನನ್ನು ವೇದಿಕೆಗೆ ಎತ್ತಿಕೊಂಡು ಹೋಗಿ ಗಾಡಿಯ ಮೇಲೆ ಕೂಡಿಸಿದರು, ಹಾರವನ್ನು ನಾಯಕರಿಗೆ ಹಾಕಿದರು, ಫೋಟೊ ಹೊಡೆದರು. ಆ ಸಾರುವೆಗೆ ಕೊಳೆತ ಬಿದಿರು ಕಟ್ಟಿಸಿದ ಕಂತ್ರಾಟುದಾರ ನಾಯಕರ ಪಕ್ಕದ ಕುರ್ಚಿಯಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಗಾಡಿಯ ಪಕ್ಕೆಗೆ ಕೈಮುಗಿದು ನಗುವ ನಾಯಕರ ಚಿತ್ರ ಅಂಟಿಸಲಾಗಿತ್ತು. ಕಾಲು ಹೋದವನ ಚಿತ್ರ ಎಲ್ಲಿಯೂ ಇರಲಿಲ್ಲ.

ಅವನು ಬಿದ್ದಂದಿನಿಂದ ಮನೆ ನಡೆಸಿದವಳು ಹೆಂಡತಿ ಹುಲಿಗೆಮ್ಮ. ನಸುಕಿನಲ್ಲಿ ಖಡಕ್ ಜೋಳದ ರೊಟ್ಟಿ ಬಡಿದು, ಬುಟ್ಟಿ ತುಂಬಿ, ತಲೆಯ ಮೇಲಿಟ್ಟುಕೊಂಡು ಏರು ಹತ್ತಿ ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದಳು. ಬಾಗಲಕೋಟೆ, ವಿಜಯಪುರದ ಕಡೆಯ ಕೂಲಿಯವರು ಮಧ್ಯಾಹ್ನ ಅಲ್ಲಿ ಕಾಯುತ್ತಿದ್ದರು. ಅವಳ ಕುತ್ತಿಗೆ ಈಚೆಗೆ ಎಡಕ್ಕೆ ಹೊರಳುತ್ತಿರಲಿಲ್ಲ. ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು.

"ಇವತ್ತಿನಿಂದ ನಿನ್ನ ತಲಿ ಮ್ಯಾಲೆ ಬುಟ್ಟಿ ಏರಂಗಿಲ್ಲ. ಇದು ಅಪ್ಪಾಸಾಬನ ಮಾತು" ಎಂದ ಅವನು. ಹುಲಿಗೆಮ್ಮ ಒಲೆಯ ಬೂದಿ ಕೆದಕುತ್ತ, ಮೊದಲು ಗಾಡಿ ಅಂಗಳ ದಾಟಲಿ ಎಂದಳು.

ಅಪ್ಪಾಸಾಬನ ಮೊದಲ ಸಿದ್ಧಾಂತ ಬಹಳ ಸರಳವಾಗಿತ್ತು. ಹಿಂದೆ ಒಂದೇ ಗಾಲಿ ಹೊರುತ್ತಿದ್ದ ಭಾರವನ್ನು ಈಗ ಎರಡು ಹಂಚಿಕೊಂಡಿವೆ. ಅಂದಮೇಲೆ ಒಂದೊಂದಕ್ಕೂ ಅರ್ಧ ಗಾಳಿ ಸಾಕಲ್ಲವೆ? ವಾಲ್ವಿಗೆ ಕಡ್ಡಿ ಚುಚ್ಚಿ ಎರಡೂ ಗಾಲಿಯಿಂದ ಅರ್ಧ ಗಾಳಿ ಬಿಟ್ಟ. ಬುಟ್ಟಿಯನ್ನು ಹಿಂದೆ ಕಟ್ಟಿದ, ಅದರ ಪಕ್ಕದಲ್ಲಿ ಹೆಂಡತಿಯನ್ನು ಮಹಾರಾಣಿಯಂತೆ ಕೂಡಿಸಿಕೊಂಡು ಹೊರಟ.

ಏರು ಶುರುವಾದದ್ದೇ ತಡ, ಗಾಲಿಗಳು ಗೋಡೆಗೆ ಬಡಿದ ಸಗಣಿ ಕುಳ್ಳಿನಂತೆ ಚಪ್ಪಟೆಯಾದವು. ಇಂಜಿನ್ನು ನರಳಿ ನರಳಿ ನಿಂತಿತು. ಹುಲಿಗೆಮ್ಮ ಇಳಿದಳು. ಭಾರ ಕಡಿಮೆಯಾಗಲೆಂದು ಬುಟ್ಟಿ ಬಿಚ್ಚಿ ತಲೆಗೇರಿಸಿದಳು. ಆಮೇಲೆ ಎರಡೂ ಕೈಯಿಂದ ಗಾಡಿ ದಬ್ಬತೊಡಗಿದಳು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಗಾಡಿ, ಗಾಡಿಯ ಮೇಲೆ ಹ್ಯಾಂಡಲ್ ಹಿಡಿದು ಗಂಭೀರನಾಗಿ ಕೂತ ಗಂಡ! ಬಸ್ ನಿಲ್ದಾಣದಲ್ಲಿದ್ದ ಸುಶಿಕ್ಷಿತರೆಲ್ಲ ಮೊಬೈಲ್ ಎತ್ತಿ ಹಿಡಿದರು. ಗಾಡಿಗೆ ಕೈ ಹಚ್ಚಿದವರು ಒಬ್ಬರೂ ಇಲ್ಲ.

"ನಿನ್ನಿತನಾ ಬುಟ್ಟಿ ಒಂದ ಇತ್ತು" ಎಂದಳು ಅವಳು ಏದುಸಿರಿನ ನಡುವೆ. "ಇವತ್ತ ಗಾಡಿ, ಗಂಡ ಎರಡೂ ಕೂಡಿದ್ವು."

ಮರುದಿನ ಅಪ್ಪಾಸಾಬ ಪಂಕ್ಚರ್ ಅಂಗಡಿಯ ತೌಸೀಫನ ಮುಂದೆ ಗಾಡಿ ನಿಲ್ಲಿಸಿದ. ತೌಸೀಫ ಅದನ್ನು ಸುತ್ತು ಹಾಕಿ ನೋಡಿ ತಲೆ ಕೆರೆದುಕೊಂಡ.

"ಕಾಕಾ, ರಿಕ್ಷಾಕ್ಕ ಎಷ್ಟು ಹೊಡೀಬೇಕು ಗೊತ್ತೈತಿ, ಬೈಕಿಗೆ ಎಷ್ಟು ಗೊತ್ತೈತಿ. ಇದು ಯಾರ ಪೈಕಿ ಅಂತ ನೀವ ಹೇಳ್ರಿ."

"ಗಾಲಿ ಎಣಿಸಲೇ. ಮೂರು ಅಂದ್ರ ರಿಕ್ಷಾದ ಪೈಕಿನ."

ರಿಕ್ಷಾದ ಲೆಕ್ಕದಲ್ಲೇ ಗಾಳಿ ತುಂಬಿತು. ಟೈರು ಕಲ್ಲಾಯಿತು. ಏರನ್ನೇನೋ ಗಾಡಿ ಕುದುರೆಯಂತೆ ಹತ್ತಿತು. ಹತ್ತಿದ ಮೇಲೆ ಕುದುರೆಯಂತೆಯೇ ಜಿಗಿಯತೊಡಗಿತು. ಹಳ್ಳ ಬಂದರೆ ಜಿಗಿತ, ಹಂಪು ಬಂದರೆ ಹಾರಾಟ. ಕಾರ್ಖಾನೆಯ ತಿರುವಿನಲ್ಲಿ ಬುಟ್ಟಿಯ ಹಗ್ಗ ಕಳಚಿ ಅಷ್ಟೂ ರೊಟ್ಟಿ ರಸ್ತೆಗೆ ಚೆಲ್ಲಿದವು. ಹಿಂದೆ ಬರುತ್ತಿದ್ದ ಟಿಪ್ಪರ್ ನಿಲ್ಲಲಿಲ್ಲ. ಖಡಕ್ ರೊಟ್ಟಿ ಅದರಡಿ ಮುರಿದ ಸದ್ದು ಗೇಟಿನವರೆಗೆ ಕೇಳಿತು. ಅಂದು ಕೂಲಿಯವರು ತಳ್ಳುಗಾಡಿಯವನ ವಡಾಪಾವ್ ತಿಂದರು.

ಹುಲಿಗೆಮ್ಮ ಚೂರು ಆರಿಸಿ ಬುಟ್ಟಿಗೆ ತುಂಬಿದಳು. ಬೈಯಲಿಲ್ಲ. ಬೈದಿದ್ದರೆ ಅಪ್ಪಾಸಾಬನಿಗೆ ಅಂದಿನ ಊಟವಾದರೂ ಸೇರುತ್ತಿತ್ತು.

ಮೂರನೆಯ ಬೆಳಿಗ್ಗೆ ಅವಳೇ ಕೇಳಿದಳು, ಗಾಡಿ ಮಾಡಿದವರು ಗಾಳಿಯ ಲೆಕ್ಕ ಅದರ ಮೇಲೆ ಎಲ್ಲಿಯಾದರೂ ಬರೆದಿರಬೇಕಲ್ಲವೆ ಎಂದು. ಅಪ್ಪಾಸಾಬ ಸೀಟಿನ ಕೆಳಗೆ, ಪೆಟ್ರೋಲ್ ಟಾಕಿಯ ಹಿಂದೆ, ಎಲ್ಲ ಕಡೆ ಹುಡುಕಿಯಾಗಿತ್ತು. ಹುಡುಕದೆ ಉಳಿದದ್ದು ನಾಯಕರ ಚಿತ್ರದ ಅಡಿಯಲ್ಲಿ ಮಾತ್ರ. ಹುಲಿಗೆಮ್ಮ ರೊಟ್ಟಿ ಹಂಚು ಕೆರೆಯುವ ಕಬ್ಬಿಣದ ತುಂಡು ತಂದಳು.

"ಏ, ಬ್ಯಾಡ. ಕೊಟ್ಟವರ ಮಾರಿ ಕೆರಿಯೂದು ಚಲೋ ಅಲ್ಲ."

"ನಮಗ ಬೇಕಾದ್ದರ ಮ್ಯಾಲೆ ಮಾರಿ ಇಟಗೊಂಡು ಕೂತಾರ. ಆ ಕಡೆ ಸರೀರಿ."

ಹಣೆ ಹೋಯಿತು, ನಗು ಹೋಯಿತು, ಮುಗಿದ ಕೈಯೂ ಹೋಯಿತು. ಅಡಿಯಲ್ಲಿ ಕಂಡದ್ದು ಇನ್ನೊಂದು ಚಿತ್ರ. ಅದೇ ನಾಯಕರು, ಅದೇ ಮುಗಿದ ಕೈ! ಕೂದಲು ಮಾತ್ರ ಬಣ್ಣ ಹಚ್ಚುವ ಮೊದಲಿನದು, ಈಗಿನದಕ್ಕಿಂತ ಬೆಳ್ಳಗೆ, ಬೆನ್ನ ಹಿಂದಿನ ಬಾವುಟ ಬೇರೆ. ಹಿಂದಿನ ಚುನಾವಣೆಗೆ ತರಿಸಿದ ಗಾಡಿ, ನಾಯಕರು ಗೆದ್ದ ಮೇಲೆ, ಗೋದಾಮಿನಲ್ಲಿ ಮಲಗಿತ್ತು. ಮುಂದಿನ ಚುನಾವಣೆಗೆ ಎದ್ದು ಬಂದಿತ್ತು. ಇದಕ್ಕಾಗಿ ಆಗ ಕಾದಿದ್ದ ಕುಂಟ ಯಾರೋ, ಅವನು ಈಗ ಎಲ್ಲಿದ್ದಾನೋ.

ಹುಲಿಗೆಮ್ಮ ಅದನ್ನೂ ಕೆರೆದಳು. ಅದರಡಿ ತಗಡಿನ ಸಣ್ಣ ಪಟ್ಟಿ, ಹಿಂದಿಯಲ್ಲಿ ಎರಡು ಸಾಲು. ಅವಳಿಗೆ ಓದು ಬಾರದು. ಅಪ್ಪಾಸಾಬ ಮುಂದಿನ ಗಾಲಿಯ ಲೆಕ್ಕ, ಹಿಂದಿನ ಗಾಲಿಗಳ ಲೆಕ್ಕ ಎರಡನ್ನೂ ಜಯಘೋಷದಂತೆ ಓದಿದ. ಆಮೇಲೆ ಕೆಳಗಿನ ಸಾಲಿನ ಮೇಲೆ ಅಂಗೈ ಅಡ್ಡ ಇಟ್ಟ.

"ಕೆಳಗಿನ ಸಾಲಿನ್ಯಾಗ ಏನೈತ್ರಿ?"

"ಅದ... ಕಂಪನಿ ಹೆಸರು."

"ಕಂಪನಿ ಹೆಸರಿಗೆ ನಿಮ್ಮ ಮಾರಿ ಹಿಂಗ ಯಾಕ ಆಗ್ತೈತಿ? ಓದ್ರಿ."

"ಒಬ್ಬರ ಅಷ್ಟ ಕುಂದರಬೇಕಂತ. ಸಾಮಾನು ಹೇರಬಾರದಂತ."

ಬುಟ್ಟಿಗೆಂದು ಒಂದಿಷ್ಟು ಗಾಳಿ ಹೆಚ್ಚಿಗೆ ತುಂಬಿಸಿ ನೋಡೋಣ, ಆ ಲೆಕ್ಕವನ್ನೂ ತಾನೇ ಕಂಡುಹಿಡಿಯುತ್ತೇನೆ ಎಂದ ಅಪ್ಪಾಸಾಬ. ಹುಲಿಗೆಮ್ಮ ನಿನ್ನೆಯ ಚೂರುಗಳನ್ನು ನೋಡಿದಳು, ಅರಿವೆ ಸುತ್ತಿ ಸಿಂಬಿ ಮಾಡಿದಳು, ಅಂದಿನ ರೊಟ್ಟಿಯ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ನಡೆದಳು. ಅಪ್ಪಾಸಾಬ ತೌಸೀಫನ ಬಳಿ ಪಟ್ಟಿಯ ಲೆಕ್ಕದಂತೆ ಗಾಳಿ ತುಂಬಿಸಿಕೊಂಡು ಅವಳ ಹಿಂದೆ ಬಂದ.

ಏರಿನಲ್ಲಿ ಬುಟ್ಟಿ ಮುಂದೆ, ಗಾಡಿ ಹಿಂದೆ. ಜಿಗಿತವಿಲ್ಲ, ನರಳಾಟವಿಲ್ಲ. ಗಾಡಿ ಇಷ್ಟು ಚೆಂದ ನಡೆಯುವಾಗ ಬಾಯಿ ಸುಮ್ಮನಿರಬೇಕಲ್ಲ!

"ನೋಡ, ಒಂದರೆ ಧಕ್ಕಿ ಐತೇನು? ಬೆಣ್ಣಿ ಹಂಗ ಹೊಂಟೈತಿ. ಗಾಳಿ ಬರೋಬ್ಬರಿ ಆತು" ಎಂದ, ಎಡಗಡೆಗೆ ಬಂದು.

ಹುಲಿಗೆಮ್ಮ ನಿಂತು, ಬುಟ್ಟಿ ಸಮೇತ ಇಡೀ ಮೈ ತಿರುಗಿಸಿ ಅವನನ್ನು ನೋಡಿದಳು.

"ಗಾಡಿಗರೆ ಬರದಾರ ಪುಣ್ಯಾತ್ಮರು, ಸಾಮಾನು ಹೇರಬ್ಯಾಡ್ರಿ ಅಂತ. ನನ್ನ ಮ್ಯಾಲೆ ಹಂಗ ಬರಿಯವ್ರು ಒಬ್ಬರೂ ಸಿಗಲಿಲ್ಲ ನೋಡ್ರಿ."