ಜಗಳವಲ್ಲ, ಜೋಗುಳ!

ಬಾಣಂತನ ಮುಗಿಸಿಕೊಂಡು ನರಸಿಂಹರಾಜಪುರದ ತವರಿನಿಂದ ಕೊಪ್ಪದ ಗಂಡನ ಮನೆಗೆ ಬಂದಿಳಿದ ದಿನವೇ ಸರ್ವಮಂಗಳಾ ರಾಜಾಜ್ಞೆ ಹೊರಡಿಸಿದಳು.

"ಈ ಮನೇಲಿ ಇನ್ನು ಯಾರೂ ದನಿ ಎತ್ತಬಾರದು! ನನ್ನ ಮಗಳು ಶಾಂತ ವಾತಾವರಣದಲ್ಲಿ ಬೆಳೀಬೇಕು!"

ಟಿವಿಯಲ್ಲಿ ಯಾರೋ ಡಾಕ್ಟರು ಹಾಗೆ ಹೇಳಿದ್ದರಂತೆ. ಆ ಪುಣ್ಯಾತ್ಮನಿಗೆ ಸ್ವಂತ ಮಕ್ಕಳಿದ್ದವೋ ಇಲ್ಲವೋ ಎಂದು ಇವಳು ವಿಚಾರಿಸಿರಲಿಲ್ಲ.

ಯಾರೂ ಅಂದರೆ ಗಂಡ ಶಿವಯೋಗಿ ಒಬ್ಬನೇ. ಬಸ್ ಸ್ಟ್ಯಾಂಡಿನ ಹತ್ತಿರ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ಆ ಬಡಪಾಯಿ ಈಗ ಸೀನು ಬಂದರೂ ಅಂಗಳಕ್ಕೆ ಓಡಬೇಕಾಯಿತು. ಕುಕ್ಕರು ಸೀಟಿ ಹಾಕುವ ಮೊದಲೇ ಒಲೆ ಆರಿಸಿ, ಅನ್ನದ ಹೆಸರಿನಲ್ಲಿ ಬಿಸಿ ಅಕ್ಕಿ ತಿನ್ನಬೇಕಾಯಿತು. ಪಕ್ಕದ ಮನೆಯ ಪ್ರೇಮಕ್ಕ ಮಗು ನೋಡಲು ಬಂದು, "ಅಯ್ಯೋ ಪುಟ್ಟಿ, ನಿಂದು ಅಪ್ಪನ ಮೂಗೇ ಅಲ್ವೇನೇ!" ಎಂದು ಬಾಯ್ತುಂಬ ಕೂಗಿದ್ದೇ ತಡ, ಸರ್ವಮಂಗಳಾ ಬಾಗಿಲು ತೋರಿಸಿದಳು.

"ಶ್! ಇದು ಮನೆ ಪ್ರೇಮಕ್ಕ, ಸಂತೆಯಲ್ಲ."

"ನಿನ್ನ ಶಾಂತಿ ನಿಂಗೇ ಇರ್ಲಿ ಮಾರಾಯ್ತಿ!" ಎಂದು ಪ್ರೇಮಕ್ಕ ತಂದಿದ್ದ ರವೆ ಉಂಡೆಯನ್ನು ಡಬ್ಬಿ ಸಮೇತ ವಾಪಸು ಒಯ್ದಳು.

ಇಷ್ಟೆಲ್ಲ ಶಾಂತಿಯ ನಡುವೆ ಶಾಂತವಾಗಿರದವಳು ಮಗಳೊಬ್ಬಳೇ! ತೊಟ್ಟಿಲು ತೂಗಿದರೆ ಅಳು, ಎತ್ತಿಕೊಂಡರೆ ಅಳು, ಪಿಸುದನಿಯಲ್ಲಿ ಲಾಲಿ ಹಾಡಿದರಂತೂ ಯಾರೋ ಚಿವುಟಿದ ಹಾಗೆ ಅಳು. ಸರ್ವಮಂಗಳಾ ತಲೆ ಬಾಚಿಕೊಳ್ಳುವುದನ್ನೇ ಮರೆತಳು. ತನಗೇ ಅಳು ಬಂದಾಗ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಸದ್ದಿಲ್ಲದೆ ಅತ್ತಳು. ನಿಯಮ ಅಂದರೆ ನಿಯಮ!

ಒಂದು ಸಂಜೆ, ಒಗೆದು ಮಡಚಿಟ್ಟಿದ್ದ ಮಗುವಿನ ಬಟ್ಟೆಗೆ ಶಿವಯೋಗಿ ಗ್ರೀಸು ಕೈ ಒರೆಸಿಬಿಟ್ಟ.

"ಕಣ್ಣು ಕಾಣಲ್ವಾ ನಿಮಗೆ? ಅದು ಮಗೀನ ಬಟ್ಟೆ!" ಅವಳ ಕೂಗಿಗೆ ಮಾಡಿನ ಹೆಂಚು ಅದುರಿದವು.

"ಕೈ ಒರೆಸೋಕೆ ನಂಗೊಂದು ಬೈರಾಸು ಎಲ್ಲಿದೆ ತೋರ್ಸು! ಮನೆ ತುಂಬ ಅವಳ ಬಟ್ಟೇನೇ!"

"ಅಂಗಡೀಲೇ ಒರೆಸ್ಕೊಂಡು ಬರೋಕೆ ಏನಾಗಿತ್ತು?"

"ನೀನು ಅಂಗಡೀಲಿ ಕೂರೋಕೆ ಬಿಟ್ರೆ ತಾನೆ!"

ಉಸಿರು ತೆಗೆದುಕೊಳ್ಳಲು ಇಬ್ಬರೂ ನಿಂತರು. ಮನೆಯಲ್ಲಿ ಅಳುವಿಲ್ಲ! ಗಾಬರಿಯಿಂದ ತೊಟ್ಟಿಲಿಗೆ ಬಗ್ಗಿ ನೋಡಿದರೆ, ಮಗಳು ಬಾಯಿ ಅರೆತೆರೆದು ಸುಖನಿದ್ರೆಯಲ್ಲಿದ್ದಳು.

ಅಂದಿನಿಂದ ದಿನವೂ ಜಗಳ. ಮೊದಮೊದಲು ವಿಷಯಗಳಿಗೆ ಬರವಿರಲಿಲ್ಲ. ಅವನ ತಂಗಿಯ ಬಾಯಿ, ಅವಳ ತಮ್ಮನ ಬೈಕು, ಒಳಗೆ ತಂದಿಟ್ಟ ಒದ್ದೆ ಛತ್ರಿ. ದಾಸ್ತಾನು ಖಾಲಿಯಾದ ಮೇಲೆ ಹುಟ್ಟಿಸಿಕೊಳ್ಳಬೇಕಾಯಿತು.

"ಇವತ್ತು ಎಂತಕ್ಕೆ ಜಗಳ ಮಾಡದು?"

"ಇನ್ನೊಂದು ಮದುವೆ ಆಗ್ತೀನಿ ಅನ್ನಿ."

"ಯಾರನ್ನೇ?"

"ಮಗೀಗೆ ಹೆಸರು ಬೇರೆ ಬೇಕಾ? ಶುರು ಮಾಡಿ!"

ಶಿವಯೋಗಿ ಶುರು ಮಾಡಿದ. ಮಗಳಿಗೆ ನಿದ್ದೆ ಬಂತು. ಗೋಡೆಯಾಚೆ ಕಿವಿಯಿಟ್ಟಿದ್ದ ಪ್ರೇಮಕ್ಕ ಎಸ್‌ಟಿಡಿ ಬೂತಿಗೆ ಓಡಿದಳು.

ಮರುದಿನ ಸರ್ವಮಂಗಳಾಳ ಅಪ್ಪ ರೇಣುಕಪ್ಪ ಬಂದಿಳಿದರು. ಜೊತೆಗೆ, ದಾರಿಯಲ್ಲಿ ಬಾಳೆಹೊನ್ನೂರಿನಿಂದ ಹೊರಡಿಸಿಕೊಂಡು ಬಂದ ಶಿವಯೋಗಿಯ ದೊಡ್ಡಪ್ಪ ವಾಸಪ್ಪ. ಕಂಡವರ ಸಂಸಾರ ರಿಪೇರಿ ಮಾಡುವುದೇ ಅವರ ಹವ್ಯಾಸ.

"ಎರಡನೇ ಮದುವೆಯಂತೆ? ಹುಡುಗಿ ಯಾರೋ?" ವಾಸಪ್ಪ ವಿಚಾರಣೆಗಿಳಿದರು.

"ಹುಡುಗಿ ಇಲ್ಲ ದೊಡ್ಡಪ್ಪ."

"ಹುಡುಗೀನೇ ಇಲ್ದೆ ಮದುವೆಯಾ!"

"ಅಪ್ಪಾ, ಅದು ಜಗಳ ಅಲ್ಲ, ಜೋಗುಳ!" ಎಂದಳು ಸರ್ವಮಂಗಳಾ.

ರೇಣುಕಪ್ಪನ ಕಣ್ಣು ತುಂಬಿತು. "ನನ್ನ ಮಗಳಿಗೆ ತಲೆ ಕೆಡೋ ಹಾಗೆ ಮಾಡಿದ್ರಲ್ಲ!"

ಅಷ್ಟರಲ್ಲಿ ಮಗು ಎದ್ದು ರಾಗ ತೆಗೆಯಿತು. "ಈಗ ನೋಡಿ, ಮಾಡಿ ತೋರಿಸ್ತೀವಿ" ಎಂದು ಗಂಡಹೆಂಡತಿ ಎದುರುಬದುರು ನಿಂತರು. ಹಿರಿಯರ ಮುಂದೆ ದನಿಯೇ ಹೊರಡಲಿಲ್ಲ!

"ನೀವು... ಅಷ್ಟು ಸರಿ ಇಲ್ಲ."

"ನೀನೂ... ಹಾಗೇ."

ಮಗುವಿನ ಅಳು ಮುಗಿಲು ಮುಟ್ಟಿತು.

"ಎಂತ ರೇಣುಕಪ್ಪ, ನಿಮ್ಮ ಮಗಳಿಗೆ ಮಗು ಸುಧಾರಿಸೋಕೂ ಬರಲ್ವಲ್ಲ!"

"ನಿಮ್ಮ ಕಡೆಯೋರಿಗೆ ಬಾಯಿ ಮಾತ್ರ ಬರುತ್ತೆ! ಮದುವೇಲೂ ಅದೇ ಆಯ್ತು!"

"ಮದುವೆ ಸುದ್ದಿ ಎತ್ತಬೇಡಿ! ಹೋಳಿಗೆಗೆ ತುಪ್ಪ ಬಡಿಸದ ಜನ ನೀವು!"

"ಬಡಿಸಿದ್ವಿ! ನೀವೇ ಹಾಲು ಬೇಕು ಅಂತ ಎಲೆ ಮುಂದಿಂದ ಎದ್ರಿ!"

ಬೀಗರು ಪಂಚೆ ಎತ್ತಿ ಕಟ್ಟಿದರು. ಕಾಂಪೌಂಡಿನ ಮೇಲೆ ಪ್ರೇಮಕ್ಕನ ತಲೆ ಮೂಡಿತು. ಇತ್ತ ಮಗುವಿನ ಅಳು ನಿಂತು, ಕಣ್ಣು ಮೆಲ್ಲಗೆ ಮುಚ್ಚಿತು. ಸರ್ವಮಂಗಳಾ ಗೋಡೆಗೊರಗಿ ಕುಳಿತು, ಎಷ್ಟೋ ದಿನಗಳ ಮೇಲೆ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದಳು. ಆಹಾ, ಸ್ವರ್ಗ!

ಆದರೆ ವಾಸಪ್ಪನಿಗೆ ದಮ್ಮು ಹತ್ತಿತು. ಬೆವರು ಒರೆಸಿಕೊಂಡು ಮೆತ್ತಗಾದರು. "ಹೋಗ್ಲಿ ಬಿಡಿ ಬೀಗರೆ, ತುಪ್ಪ ಬಡಿಸಿದ್ರೂ ಬಡಿಸಿರಬಹುದು."

"ನಾವೂ ಹಾಲು ಕೊಡಬಹುದಿತ್ತು," ರೇಣುಕಪ್ಪನೂ ತಗ್ಗಿದರು.

ಮನೆಯಲ್ಲಿ ಶಾಂತಿ ನೆಲೆಸಿತು. ತೊಟ್ಟಿಲು ಅಲುಗಿತು. "ಉಂಞೇ..."

ಶಾಂತಿಯ ಒಡತಿ ಸರ್ವಮಂಗಳಾ ಕಾಫಿ ಲೋಟ ಬಿಟ್ಟು ಓಡಿಬಂದು ಇಬ್ಬರ ಕಾಲಿಗೂ ಬಿದ್ದಳು.

"ದಮ್ಮಯ್ಯ, ರಾಜಿ ಆಗಬೇಡಿ! ಹೋಳಿಗೆ ಮುಗಿದಿದ್ರೆ ಪಾಯಸದ ವಿಷಯ ತೆಗೀರಿ!"